ಗಾಲಿ ಕಟ್ಟಿದ ಮಂಚ

ನಮ್ಮ ಮನೆಯ ಹಿತ್ತಿಲಿನಲ್ಲಿ ಒಂದು ನುಗ್ಗೆಮರವಿತ್ತು. ಅದರ ಕಾಯಿಗಿಂತ ನೆರಳೇ ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು ಎಂದರೆ ನೀವು ನಗಬಹುದು. ಗಡಿಯಾರ ಇರಲಿಲ್ಲವೆಂದಲ್ಲ. ಮಾವನವರ ಕಾಲದ್ದೊಂದು ಗೋಡೆಯ ಮೇಲಿತ್ತು. ಮನಸ್ಸು ಬಂದಾಗ ನಡೆಯುತ್ತಿತ್ತು, ಬೇಸರವಾದಾಗ ನಿಲ್ಲುತ್ತಿತ್ತು. ನೆರಳಿಗೆ ಅಂಥ ಚಾಪಲ್ಯವಿಲ್ಲ. ಮಾಗಿಯ ದಿನಗಳಲ್ಲಿ ಅದು ಒರಳುಕಲ್ಲನ್ನು ಮುಟ್ಟಿದಾಗ ಒಲೆ ಹೊತ್ತಿಸಬೇಕು, ಒಗೆಯುವ ಕಲ್ಲನ್ನು ದಾಟಿದಾಗ ತಟ್ಟೆ ಇಡಬೇಕು, ಹಿತ್ತಿಲ ಗೋಡೆಯನ್ನು ಹತ್ತಿ ಅಲ್ಲೇ ಕರಗಿಹೋಯಿತೆಂದರೆ ಪಾತ್ರೆಗಳಿಗೆ ಮುಚ್ಚಳ ಹಾಕಿ ಕೈತೊಳೆದುಬಿಡಬೇಕು. ಆಮೇಲೆ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಹಳೇಬೀಡಿನ ಬಸದಿಗಳಿಗೆ ಕೂಗಳತೆಯಲ್ಲಿದ್ದ ನಮ್ಮಂಥ ಜೈನರ ಮನೆಗಳಲ್ಲಿ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ ಎನ್ನುವುದು ಯಾರೂ ಕೂರಿಸಿಕೊಂಡು ಹೇಳಿಕೊಡದೆ ಮಕ್ಕಳು ತಾವಾಗಿ ಕಲಿಯುವ ಮೊದಲ ಪಾಠ.

ಮನೆಯವರ ಹೆಸರನ್ನು ನಾನು ಬಾಯಲ್ಲಿ ಹೇಳುವವಳಲ್ಲ. ಊರಿನವರು ಅವರನ್ನು ಧರಣೇಂದ್ರಯ್ಯ ಮೇಷ್ಟ್ರು ಎನ್ನುತ್ತಿದ್ದರು ಎಂದು ಬರೆದರೆ ದೋಷವಿಲ್ಲವಷ್ಟೆ. ನನ್ನ ಹೆಸರು ಪದ್ಮಾವತಿ. ಪಾರ್ಶ್ವನಾಥ ಸ್ವಾಮಿಯನ್ನು ಕಾಯುವ ಯಕ್ಷ ಯಕ್ಷಿಯರ ಹೆಸರೂ ಇವೇ ಆದ್ದರಿಂದ ನಮ್ಮ ಮದುವೆಯಲ್ಲಿ ಹಿರಿಯರು "ಕಲ್ಲಿನಲ್ಲೇ ಕೊರೆದಿಟ್ಟ ಜೋಡಿ" ಎಂದು ಹರಸಿದ್ದರು. ಕಲ್ಲಿನ ಗುಣ ಇಬ್ಬರಲ್ಲೂ ಸಮಪಾಲಾಗಿದೆ ಎನ್ನುವುದು ಆಮೇಲೆ ತಿಳಿಯಿತು.

ಹಗರೆಯ ದಾರಿಯಲ್ಲಿ ಮೂರು ಮೈಲಿ ಹೋಗಿ, ಎಡಕ್ಕೆ ತಿರುಗಿ, ಗಾಡಿದಾರಿಯಲ್ಲಿ ಇನ್ನೊಂದು ಮೈಲಿ ಸವೆಸಿದರೆ ಸಿಗುವ ಒಂದು ಸಣ್ಣ ಹಳ್ಳಿಯ ಶಾಲೆಯಲ್ಲಿ ಇವರು ಮೇಷ್ಟ್ರು. ವರ್ಷಗಟ್ಟಲೆ ಸೈಕಲ್ಲು ತುಳಿದುಕೊಂಡು ಹೋಗಿಬರುತ್ತಿದ್ದವರು ಒಂದು ಮಳೆಗಾಲದಲ್ಲಿ ಅದೇ ಗಾಡಿದಾರಿಯ ಕೊರಕಲಿನಲ್ಲಿ ಜಾರಿ, ಸೈಕಲ್ಲು ಒಂದು ಕಡೆ ತಾವೊಂದು ಕಡೆಯಾಗಿ ಬಿದ್ದರು. ಬೆನ್ನುಮೂಳೆಯ ಮಣಿಯೊಂದು ಸರಿದಿದೆ ಎಂದರು ಹಾಸನದ ಡಾಕ್ಟರು. ಬಾಗಿ ಕೂತು ತುಳಿಯುವ ಸೈಕಲ್ಲು ಇನ್ನು ಬೇಡ, ಒರಗಿದರೆ, ಮಲಗಿದರೆ ತೊಂದರೆಯಿಲ್ಲ, ನಿಧಾನವಾಗಿ ನಡೆಯಬಹುದು. ಸರಿ, ಇವರು ನಿಧಾನವಾಗಿ ನಡೆಯತೊಡಗಿದರು. ಹೋಗುವಾಗ ನಾಲ್ಕು ಮೈಲಿ, ಬರುವಾಗ ನಾಲ್ಕು ಮೈಲಿ. ಸಂಜೆಯ ಬಸ್ಸೊಂದು ಶಾಲೆ ಬಿಡುವ ಮೊದಲೇ ಹೊರಟುಹೋಗುತ್ತಿತ್ತು, ಇನ್ನೊಂದು ಕತ್ತಲಾದ ಮೇಲೆ ಬರುತ್ತಿತ್ತು. ಏಳನೇ ತರಗತಿಯ ಮಕ್ಕಳನ್ನು ಪಬ್ಲಿಕ್ ಪರೀಕ್ಷೆಗೆ ತಯಾರು ಮಾಡಲು ಗಂಟೆ ಹೊಡೆದ ಮೇಲೂ ಮುಕ್ಕಾಲು ಗಂಟೆ ಪಾಠ ಮಾಡಿ, ನೋಯುವ ಬೆನ್ನನ್ನು ಎಳೆದುಕೊಂಡು ಇವರು ಮನೆಯ ಮೆಟ್ಟಿಲು ಹತ್ತುವ ಹೊತ್ತಿಗೆ ನುಗ್ಗೆಮರದ ನೆರಳು ಕರಗಿ, ಬಸದಿಯಲ್ಲಿ ದೀಪ ಹಚ್ಚಿಯಾಗಿರುತ್ತಿತ್ತು. ಒಂದು ಲೋಟ ಕಾಯಿಸಿ ಆರಿಸಿದ ನೀರು ಕುಡಿದು ಮಲಗಿಬಿಡುವರು. ಹನ್ನೆರಡನೆಯ ವಯಸ್ಸಿನಲ್ಲಿ ಮುನಿಗಳೊಬ್ಬರ ಎದುರು ಕೈಮುಗಿದು ಹಿಡಿದ ನೇಮ. ಕಲ್ಲು ಎಂದೆನಲ್ಲ.

ಮಧ್ಯಾಹ್ನದ ಬುತ್ತಿಯ ಜೊತೆಗೆ ಸಂಜೆಗೂ ಒಂದಿಷ್ಟು ಕಟ್ಟಿಕೊಡಬಾರದಿತ್ತೇ ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಬೆಳಗ್ಗೆ ಬೇಯಿಸಿದ್ದನ್ನು ಸಂಜೆಗೆ ಉಣ್ಣಬಾರದೆನ್ನುವುದು ಅತ್ತೆಯವರ ಅಡುಗೆಮನೆಯ ಕಟ್ಟುಪಾಡು. ಕಡಲೆಪುರಿ, ಬಾಳೆಹಣ್ಣು ಕಟ್ಟಿಕೊಟ್ಟರೆ ಹಸಿದುಕೊಂಡೇ ಶಾಲೆಗೆ ಬರುವ ಮಕ್ಕಳಿಗೆ ಹಂಚಿ, ಖಾಲಿ ಚೀಲವನ್ನು ನೀಟಾಗಿ ಮಡಿಸಿಕೊಂಡು ಬರುವರು. ನಾನೇ ಬಿಸಿ ಅಡುಗೆ ಹೊತ್ತು ತರುತ್ತೇನೆಂದರೆ, "ಮನೇಲಿ ಅಮ್ಮ ಒಬ್ಬಳೇ ಇರ್ತಾಳೆ. ದಿನಾ ನೀನು ಎಂಟು ಮೈಲಿ ನಡೆದು ತಂದ ಅನ್ನ ನನ್ನ ಗಂಟಲಲ್ಲಿ ಇಳಿಯುತ್ತಾ?" ಅಂದರು.

ಇನ್ನು ನನ್ನ ವಿಷಯ. ಇದನ್ನು ನಿಮ್ಮ ಕಿವಿಯಲ್ಲಿ ಮಾತ್ರ ಹೇಳುತ್ತೇನೆ. ಗಂಡ ಉಂಡ ಮೇಲೆ ಉಣ್ಣುವುದು ನಮ್ಮ ಮನೆಯ ಹೆಂಗಸರ ರೂಢಿ. ಅತ್ತೆ ನಾಲ್ಕೂವರೆಗೇ ಊಟ ಮುಗಿಸಿ ಬಸದಿಗೆ ಹೋಗುವವರು. ಅವರಿಗೆ "ನಿಮ್ಮ ಮಗ ಬರಲಿ ಅತ್ತೆ, ಆಮೇಲೆ" ಅನ್ನುತ್ತಿದ್ದೆ. ಇವರು ಬಂದು ಕೇಳಿದರೆ "ನಂದು ಅತ್ತೆಯ ಜೊತೆ ಆಯ್ತು" ಅನ್ನುತ್ತಿದ್ದೆ. ಎರಡು ಸುಳ್ಳುಗಳ ನಡುವೆ ನಾನೂ ಹಸಿದುಕೊಂಡೇ ಮಲಗುತ್ತಿದ್ದೆ. ಯಾವ ಮುನಿಗಳೂ ನನಗೆ ಆ ನೇಮ ಕೊಟ್ಟಿರಲಿಲ್ಲ. ಮುಚ್ಚಳ ಹಾಕಿದ ಪಾತ್ರೆಯ ಮುಂದೆ ಒಬ್ಬಳೇ ಕೂತು ಉಣ್ಣಲು ಕೈ ಬರುತ್ತಿರಲಿಲ್ಲ, ಅಷ್ಟೆ.

ಹೀಗೆ ತಿಂಗಳುಗಳು ಕಳೆದವು. ಅಂಗಿಯ ತೋಳು ಇವರ ಮೈಮೇಲೆ ಹೆಚ್ಚುಹೆಚ್ಚು ಸಡಿಲವಾಗುತ್ತ ಬಂತು. ಒಂದು ಭಾನುವಾರ ಒಗೆಯಲೆಂದು ಕೋಟಿನ ಜೇಬನ್ನು ಬರಿದು ಮಾಡುವಾಗ ನಾಲ್ಕು ಮಡಿಕೆಯ ಒಂದು ಕಾಗದ ಸಿಕ್ಕಿತು. ದುಂಡನೆಯ ಅಕ್ಷರಗಳಲ್ಲಿ, ದೇಹಸ್ಥಿತಿ ಸರಿಯಿಲ್ಲದ ಕಾರಣ ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಬೇಕೆಂದು ಬರೆದ ಅರ್ಜಿ. ತಾರೀಖು ಮಾತ್ರ ಹಾಕಿರಲಿಲ್ಲ. ನಾನು ಅದನ್ನು ಹಾಗೇ ಮಡಿಸಿ ಒಳಗಿಟ್ಟೆ. ಆ ಹಳ್ಳಿಯಿಂದ ಅದುವರೆಗೆ ಒಬ್ಬ ಹುಡುಗಿಯೂ ಏಳನೇ ತರಗತಿ ದಾಟಿರಲಿಲ್ಲ. ಆ ವರ್ಷ ನಾಲ್ವರು ಕೂತಿದ್ದರು; ಅವರನ್ನು ಮನೆಮನೆಗೆ ಹೋಗಿ ಕಾಡಿಬೇಡಿ ಕೂರಿಸಿದವರು ಇವರೇ. ಇವರು ಊಟ ಬಿಟ್ಟದ್ದನ್ನು ನೋಡಿ ನಾನು ಸಹಿಸಿದ್ದೆ. ಇವರು ಶಾಲೆ ಬಿಡುವುದನ್ನು ನೋಡುವ ಶಕ್ತಿ ನನ್ನಲ್ಲಿಲ್ಲ ಎನ್ನುವುದು ಆ ಒಗೆಯುವ ಕಲ್ಲಿನ ಮುಂದೆ ನನಗೆ ನಿಚ್ಚಳವಾಯಿತು. ನೇಮ ಮುರಿಯುವಂತಿಲ್ಲ, ಶಾಲೆ ಬಿಡುವಂತಿಲ್ಲ. ಉಳಿದದ್ದು ದಾರಿ, ದಾರಿಯನ್ನೇ ಕಿರಿದು ಮಾಡಬೇಕು.

ಹಟವೊಂದಿದ್ದರೆ ಉಪಾಯ ತಾನಾಗಿ ಮನೆ ಹುಡುಕಿಕೊಂಡು ಬರುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ನನ್ನ ಪಾಲಿನ ಉಪಾಯ ಸೈಕಲ್ಲೇರಿಕೊಂಡು ಬಂತು. ದೇವಾಲಯ ನೋಡಲು ಬಂದ ಪರದೇಶದ ಗಂಡಹೆಂಡಿರಿಬ್ಬರು ಬಸದಿಯ ಕಡೆಯಿಂದ ನಮ್ಮ ಬೀದಿಗೆ ಬಂದು ಜಗಲಿಯ ಹತ್ತಿರ ನಿಂತು ನೀರು ಕೇಳಿದರು. ಹೆಂಗಸಿನದು ನಾವೆಲ್ಲ ಕಂಡಂಥ ಸೈಕಲ್ಲು. ಗಂಡಸಿನದು ಮಾತ್ರ ನಾನು ಕನಸಿನಲ್ಲೂ ಕಾಣದ್ದು. ಆರಾಮ ಕುರ್ಚಿಯೊಂದನ್ನು ನೆಲಕ್ಕೆ ತಗ್ಗಿಸಿ ಹಿಂದೆ ಮುಂದೆ ಗಾಲಿ ಕಟ್ಟಿದಂತಿತ್ತು. ಆತ ಅದರಲ್ಲಿ ಬೆನ್ನು ಒರಗಿಸಿ, ಕಾಲು ಮುಂದಕ್ಕೆ ಚಾಚಿ, ಊಟವಾದ ಮೇಲೆ ಅಡಿಕೆ ಅಗಿಯುತ್ತ ಕೂತ ಪಟೇಲರ ಹಾಗೆ ಕೂತಿದ್ದ. ನಾನು ನೀರಿನ ಚೊಂಬು ಹಿಡಿದು ಅಲ್ಲೇ ನಿಂತುಬಿಟ್ಟೆ. ನನ್ನ ಬೆನ್ನು ಮುಟ್ಟಿಕೊಂಡು, ಮುಖ ಕಿವುಚಿ, ನೋವಿಲ್ಲವೇ ಎಂದು ಸನ್ನೆಯಲ್ಲಿ ಕೇಳಿದೆ. ಆತ ತನ್ನ ಬೆನ್ನು ತಟ್ಟಿಕೊಂಡು, ಹಿಂದೆ ಇತ್ತು, ಈಗ ಇಲ್ಲ ಎಂದು ಕೈಯಾಡಿಸಿದ.

ಒಳಗೆ ಓಡಿಹೋಗಿ ಹೂಕಟ್ಟುವ ದಾರದ ಉಂಡೆ ತಂದೆ. ಬೆನ್ನಿಗೊಂದು ಗಂಟು, ಕಾಲಿಗೊಂದು ಗಂಟು, ಗಾಲಿಯಿಂದ ಗಾಲಿಗೊಂದು ಗಂಟು ಹಾಕುತ್ತ ಆ ಸೈಕಲ್ಲನ್ನೂ ಅದರೊಳಗಿನ ಮನುಷ್ಯನನ್ನೂ ಒಟ್ಟಿಗೆ ಅಳೆದುಕೊಂಡೆ. ಆತನ ಹೆಂಡತಿ ನಗುತ್ತ ದಾರದ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಮಾತು ಬಾರದ ಇಬ್ಬರು ಹೆಂಗಸರು ಒಬ್ಬ ಗಂಡಸಿನ ಬೆನ್ನಿನ ವಿಷಯದಲ್ಲಿ ಅಷ್ಟು ಸಲೀಸಾಗಿ ಒಮ್ಮತಕ್ಕೆ ಬಂದದ್ದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ.

ಅರಸೀಕೆರೆ ನನ್ನ ತವರು. ಅಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಗಫಾರ್ ಸಾಬರ ಬಾಡಿಗೆ ಸೈಕಲ್ಲಿನ ಅಂಗಡಿ. ನಾನು ಲಂಗ ತೊಡುತ್ತಿದ್ದ ವಯಸ್ಸಿನಲ್ಲಿ ಅವರ ಅಂಗಡಿಯ ಸಣ್ಣ ಸೈಕಲ್ಲಿನಲ್ಲೇ ಒಂದು ಬೇಸಿಗೆ ತುಳಿಯಲು ಕಲಿತು, ದೊಡ್ಡವಳಾದೆನೆಂದು ಮುಂದಿನ ಬೇಸಿಗೆಗೆ ಅದನ್ನು ಬಿಟ್ಟಿದ್ದೆ. ನಮ್ಮವರ ಸೊಟ್ಟಗಾದ ಸೈಕಲ್ಲನ್ನು ಬಸ್ಸಿನ ಮೇಲೆ ಹೇರಿಸಿಕೊಂಡು, ದಾರದ ಉಂಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವರ ಮುಂದೆ ಹೋಗಿ ನಿಂತೆ. ದಾರವನ್ನು ನೆಲದ ಮೇಲೆ ಹಾಸಿ ಗಂಟುಗಳ ಅರ್ಥ ಬಿಡಿಸಿ ಹೇಳಿದೆ.

"ಮನುಷ್ಯ ಮಲ್ಕೊಂಡು ತುಳಿಯೋದಾ?" ಅಂದರು ಸಾಬರು.

"ಹೌದು ಸಾಬರೇ."

"ನಿದ್ದೆ ಹತ್ತಿಬಿಟ್ರೆ?"

"ನಮ್ಮ ಮನೆಯವರಿಗೆ ಹಸಿದ ಹೊಟ್ಟೇಲಿ ನಿದ್ದೆ ಹತ್ತಲ್ಲ."

ಸಾಬರ ನಗು ಅಲ್ಲಿಗೇ ನಿಂತಿತು. ರೋಜಾ ಹಿಡಿಯುವ ಮನುಷ್ಯ. ಹೊತ್ತು ಮತ್ತು ಹಸಿವು ಒಂದಕ್ಕೊಂದು ಹೇಗೆ ಕಟ್ಟಿಕೊಂಡಿರುತ್ತವೆ ಎನ್ನುವುದನ್ನು ಅವರಿಗೆ ವಿವರಿಸಬೇಕಾಗಿರಲಿಲ್ಲ. ಅವರು ಸೂರ್ಯ ಮುಳುಗಲೆಂದು ಕಾಯುವವರು, ನಾವು ಮುಳುಗದಿರಲೆಂದು ಕಾಯುವವರು. "ಹದಿನೈದು ದಿನ ಬಿಟ್ಟು ಬಾ ಬೇಟಿ. ಆಗ್ದೇ ಇದ್ರೆ ಇನ್ನೂ ಹದಿನೈದು ದಿನ. ಆಗೋವರೆಗೂ ಬಿಡಲ್ಲ ನಾನು," ಅಂದರು.

ಎರಡು ಚೈನು ಸೇರಿಸಿ ಒಂದು ಮಾಡಿ, ಮುಂದಕ್ಕೆ ಮಕ್ಕಳ ಸೈಕಲ್ಲಿನ ಸಣ್ಣ ಗಾಲಿ ಕೂರಿಸಿ, ಹ್ಯಾಂಡಲನ್ನು ಉದ್ದ ಮಾಡಿ ಎದೆಯತ್ತ ಬಗ್ಗಿಸಿ, ಮಂಚಕ್ಕೆ ಹೆಣೆಯುವ ನವಾರು ಪಟ್ಟಿಯಿಂದ ಸೀಟು ಹೆಣೆದು, ನನ್ನ ಸೀರೆಯ ಮೇಲೂ ಕನಿಕರವಿಟ್ಟು ಚೈನಿಗೆ ತಗಡಿನ ಮುಚ್ಚಿಗೆ ಹಾಕಿ ಸಾಬರು ಅದನ್ನು ಮಾಡಿ ಮುಗಿಸಿದರು. ಜಾವಗಲ್ಲಿನ ಮೇಲೆ ಬರುವ ಬಸ್ಸಿನ ನೆತ್ತಿಯ ಮೇಲೆ ಕೂತು ಅದು ಹಳೇಬೀಡಿಗೆ ಬಂದಿಳಿದಾಗ ಬಸ್ ನಿಲ್ದಾಣದಲ್ಲಿ ಜನ ಸೇರಿತು. ಅಲ್ಲೇ ಟೀ ಅಂಗಡಿ ಇಟ್ಟಿದ್ದ ತಿಮ್ಮೇಗೌಡರು ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಬಂದು ಸುತ್ತಲೂ ಒಮ್ಮೆ ನೋಡಿ, "ಏನವ್ವಾ, ಮೇಷ್ಟ್ರು ಮಂಚಕ್ಕೇ ಗಾಲಿ ಹಾಕಿಸ್ಬುಟ್ರಾ? ಇಸ್ಕೂಲ್ನಾಗೆ ನಿದ್ದೆ ಸಾಲ್ದು ಅಂತ ದಾರೀಲೂ ಮಲಗ್ತಾರಂತಾ?" ಅಂದರು. ಅಂದಿನಿಂದ ಊರಿನಲ್ಲಿ ಅದಕ್ಕೆ ಮಂಚದ ಸೈಕಲ್ಲು ಎಂದೇ ಹೆಸರಾಯಿತು. ನಾನು ಅದನ್ನು ತಳ್ಳಿಕೊಂಡು ಮನೆಗೆ ಬಂದೆ.

ಇವರು ಅದನ್ನು ಒಂದು ಸುತ್ತು ಹಾಕಿ ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಮಕ್ಕಳು ತಪ್ಪು ಲೆಕ್ಕ ಮಾಡಿ ತಂದಾಗ ಇವರು ಹಾಗೆ ಮಾಡುವುದು.

"ಪದ್ಮಾ, ಕಾಲು ಮುಂದೆ ಮಾಡ್ಕೊಂಡು ಊರಿಂದ ಆಚೆ ಹೋಗೋದು ಮನುಷ್ಯ ಒಂದೇ ಸಲ ಕಣೇ. ಅದಕ್ಕೆ ನಾಲ್ಕು ಜನ ಬಂದು ಹೊತ್ಕೊಂಡು ಹೋಗ್ತಾರೆ."

"ಥೂ, ಬಿಡ್ತು ಅನ್ನಿ!"

"ಬಿಡ್ತು. ಆದ್ರೆ ಎದುರಿಗೆ ಬರೋ ಹಿರಿಯರಿಗೆಲ್ಲ ಅಂಗಾಲು ತೋರಿಸ್ಕೊಂಡು ಹೋಗ್ಲಾ ನಾನು? ಸಂಜೆ ಬರೋವಾಗ ದಾರಿ ನೆಟ್ಟಗೆ ಬಸದಿ ಕಡೆ ಬರುತ್ತೆ. ಸ್ವಾಮಿ ಕಡೆಗೆ ಕಾಲು ಚಾಚ್ಕೊಂಡು ಬರ್ಲಾ? ಬೆಳಗ್ಗೆ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡೋ ಮಕ್ಕಳ ಮುಂದೆ ಅದೇ ಕಾಲನ್ನ ಎತ್ತಿ ತೋರಿಸ್ಲಾ? ಮೇಷ್ಟ್ರು ಅಂದ್ರೆ ನೆಟ್ಟಗೆ ನಿಂತಿರ್ಬೇಕು."

ಇದು ಬರಿಯ ನಾಚಿಕೆಯ ಮಾತಾಗಿದ್ದರೆ ನಾನು ನಕ್ಕು ತಳ್ಳಿಹಾಕುತ್ತಿದ್ದೆ. ಹಾಗಿರಲಿಲ್ಲ. ನಮ್ಮ ಬಸದಿಯಲ್ಲಿ ಪಾರ್ಶ್ವನಾಥ ಸ್ವಾಮಿ ಎರಡಾಳೆತ್ತರಕ್ಕೆ ನೆಟ್ಟನೆ ನಿಂತಿದ್ದಾನೆ. ನಿಂತ ನಿಲುವಿನಲ್ಲೇ ದೇಹದ ಹಂಗನ್ನು ತೊರೆದವನು. ಅಂಥವನನ್ನು ದಿನ ಬೆಳಗಾದರೆ ಕಂಡು ಬೆಳೆದವರಿಗೆ ನೆಟ್ಟಗೆ ನಿಲ್ಲುವುದು ಮೈಯ ಭಂಗಿ ಮಾತ್ರವಲ್ಲ, ಮನಸ್ಸಿನದೂ ಹೌದು. ಆದರೆ ಅದೇ ಬಸದಿಯ ನವರಂಗದಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳೂ ಇವೆಯಲ್ಲ? ನೀವು ಬಂದರೆ ಅವುಗಳ ಎದುರು ನಿಂತು ನೋಡಿ. ಒಂದರಲ್ಲಿ ನೀವು ಕಡ್ಡಿಯಂತೆ ಕಾಣುತ್ತೀರಿ, ಇನ್ನೊಂದರಲ್ಲಿ ಗುಡಾಣದಂತೆ. ನಿಂತವರು ಒಬ್ಬರೇ, ಕಂಬದ ಮೈ ಹೇಗೆ ತಿರುವಿದೆಯೋ ಹಾಗೆ ಬಿಂಬ. ಮಾನ ಅನ್ನುವುದೂ ನೋಡುವವರ ಮೈಯ ತಿರುವಿಗೆ ಬೀಳುವ ಬಿಂಬವೇ ಇರಬೇಕು ಎಂದು ನನಗೆ ಅನೇಕ ಸಲ ಅನ್ನಿಸಿದೆ. ತೊಟ್ಟಿಲಲ್ಲಿ ಮಲಗಿ ಬಂದವರು ನಾವು, ಕೊನೆಗೆ ಮಲಗಿಯೇ ಹೋಗುವವರು. ನಡುವಿನ ನಾಲ್ಕು ದಿನ ನಿಂತದ್ದಕ್ಕೆ ಇಷ್ಟೊಂದು ಬಿಂಕವೇ?

ಇದನ್ನೇ ಅತ್ತೆ ತಮ್ಮ ರೀತಿಯಲ್ಲಿ ಹೇಳಿದರು. ಕಾಲಿನ ವಿಷಯ ಬಂದದ್ದರಿಂದ ಅವರು ಮಗನ ಕಡೆಗೇ ಸೇರುತ್ತಾರೆಂದು ನಾನು ಹೆದರಿದ್ದೆ. ಜಗಲಿಯ ಮೇಲೆ ಬತ್ತಿ ಹೊಸೆಯುತ್ತಿದ್ದವರು ತಲೆ ಎತ್ತದೆ, "ಒಂದು ವರ್ಷದವನಾಗೋವರೆಗೂ ನೀನು ನನ್ನ ಎದೆಗೆ ಎಷ್ಟು ಸಲ ಒದ್ದಿದೀಯ ಲೆಕ್ಕ ಇಟ್ಟಿದೀಯೇನೋ? ಆಗ ನನ್ನ ಮರ್ಯಾದೆ ಹೋಗಲಿಲ್ಲ. ಈಗ ಸ್ವಾಮಿ ಮರ್ಯಾದೆ ನಿನ್ನ ಕಾಲಲ್ಲಿ ಹೋಗುತ್ತಾ? ಕೂತ್ಕೋ ಸುಮ್ನೆ," ಅಂದರು.

ಇವರು ಕೂರಲಿಲ್ಲ. ಮಾತಾಡಿದೆ, ಮಾತು ಬಿಟ್ಟೆ. ಉಪವಾಸ ಕೂರುತ್ತೇನೆಂದು ಬೆದರಿಸಲು ನಮ್ಮ ಮನೆ ಯೋಗ್ಯವಾದ ಜಾಗವಲ್ಲ. ಉಪವಾಸವೆಂದರೆ ನಮ್ಮಲ್ಲಿ ಎಲ್ಲರೂ ಭೇಷ್ ಅನ್ನುವವರೇ. ಕೊನೆಗೆ, ಹೇಳಿ ಆಗದ್ದನ್ನು ಮಾಡಿ ತೋರಿಸಬೇಕು ಎಂದುಕೊಂಡು, ಬೆಳಗಿನ ಜಾವ ಬಸದಿಯ ಹಿಂದಿನ ಬಯಲಿಗೆ ಆ ಸೈಕಲ್ಲನ್ನು ನಾನೇ ತಳ್ಳಿಕೊಂಡು ಹೋದೆ. ಕಚ್ಚೆ ಹಾಕಿ ಕೂತರೆ ಕಾಲು ಪೆಡಲಿಗೆ ಎಟುಕಲೇ ಇಲ್ಲ! ಆಗ ಹೊಳೆಯಿತು ನನ್ನ ಪ್ರಮಾದ. ದಾರದಲ್ಲಿ ನಾನು ಅಳೆದು ತಂದದ್ದು ತಾಳೆಮರದಂಥ ಆ ಪರದೇಶದವನ ಕಾಲನ್ನು. ಗಫಾರ್ ಸಾಬರು ಗಂಟಿಗೆ ಗಂಟು ತಪ್ಪದೆ ಅವನಿಗೇ ಹೊಂದುವಂತೆ ಮಾಡಿಕೊಟ್ಟಿದ್ದರು. ಮನೆಗೆ ಬಂದು ಎರಡು ದಿಂಬು ಒಯ್ದು ಬೆನ್ನ ಹಿಂದೆ ಕಟ್ಟಿಕೊಂಡೆ.

ಮೊದಲ ದಿನ ಏಳು ಸಲ ಬಿದ್ದೆ. ಆದರೆ ನೆಲ ಒಂದು ಗೇಣು ದೂರದಲ್ಲೇ ಇರುವುದರಿಂದ ಆ ಸೈಕಲ್ಲಿನಲ್ಲಿ ಬೀಳುವುದೆಂದರೆ ಪಕ್ಕಕ್ಕೆ ಹೊರಳಿದಂತೆ. ಪೆಟ್ಟಿಗಿಂತ ಧೂಳೇ ಹೆಚ್ಚು. ನಾಲ್ಕನೆಯ ದಿನ ಅದು ಓಡಿತು. ಓಡಿದಾಗ ಕಂಡದ್ದೇನೆಂದು ನಿಮಗೆ ಹೇಳಲೇಬೇಕು. ಬಗ್ಗಿ ಸೈಕಲ್ಲು ತುಳಿಯುವವರು ಮುಂದಿನ ಗಾಲಿ ಮತ್ತು ಮೂರು ಮಾರು ನೆಲ ನೋಡುತ್ತ ಹೋಗುತ್ತಾರೆ. ಒರಗಿದವಳಿಗೆ ಕಂಡದ್ದು ಆಕಾಶ. ಕೆರೆಯ ಕಡೆಯಿಂದ ಸಾಲುಗಟ್ಟಿ ಏಳುತ್ತಿದ್ದ ಬೆಳ್ಳಕ್ಕಿಗಳು, ಹೊಂಗೆಯ ಕೊಂಬೆಯ ಒಳಮೈ, ಬಸದಿಯ ಸೂರಿನ ಅಂಚು. ಮದುವೆಯಾಗಿ ಬಂದಾಗಿನಿಂದ ತಲೆಯ ಮೇಲೆ ಇದ್ದ ಇಷ್ಟೆಲ್ಲವನ್ನೂ ನಾನು ನೋಡೇ ಇರಲಿಲ್ಲ. ನೆಟ್ಟಗೆ ನಿಂತಿದ್ದೆನಲ್ಲ, ಅದಕ್ಕೆ.

ಸುದ್ದಿ ಮುಚ್ಚಿಡುವಷ್ಟು ದೊಡ್ಡ ಊರಲ್ಲ ನಮ್ಮದು. ತಿಮ್ಮೇಗೌಡರು ಇವರನ್ನು ಕಂಡಾಗ, "ಮೇಷ್ಟ್ರೇ, ಅಮ್ಮಾವ್ರು ರಂಗನಾಥಸ್ವಾಮಿ ಮಲಗ್ದಂಗೆ ಮಲ್ಕೊಂಡು ಓಡಾಡ್ತಾವ್ರಂತಲ್ಲಾ, ನೀವು ಪಾದ ಒತ್ತೋಕೆ ಹೋಗ್ಲಿಲ್ವಾ?" ಎಂದು ಕೇಳಿದರಂತೆ. ಇವರು ಮನೆಗೆ ಬಂದು ಆ ಮಾತನ್ನು ಹಾಗೇ ಒಪ್ಪಿಸಿದರು. ಸಿಟ್ಟಿಲ್ಲ, ಸಿಟ್ಟಿದ್ದರೆ ಒಳ್ಳೆಯದಿತ್ತು. ದಣಿದ ದನಿಯಲ್ಲಿ, "ಇವತ್ತು ಬೋರ್ಡಿನ ಮುಂದೆ ತಲೆ ಸುತ್ತಿ ಬಂತು. ಮಕ್ಕಳು ಹಿಡ್ಕೊಂಡು ಕೂರಿಸಿದ್ರು," ಅಂದರು. ಜೇಬು ಮುಟ್ಟಿಕೊಂಡು, "ಸೋಮವಾರ ಇನ್‌ಸ್ಪೆಕ್ಟರು ಶಾಲೆಗೆ ಬರ್ತಾರೆ. ಅವರ ಕೈಲಿ ಅರ್ಜಿ ಕೊಟ್ಬಿಡ್ತೀನಿ. ಜೇಬಲ್ಲಿರೋದನ್ನ ನೀನೂ ನೋಡಿದೀಯ, ನಂಗೊತ್ತು," ಅಂದರು.

ಅಂದು ಗುರುವಾರ.

ಶುಕ್ರವಾರ ಮಧ್ಯಾಹ್ನ, ನೆರಳು ಒರಳುಕಲ್ಲಿನ ಹತ್ತಿರ ಬರುವ ಮೊದಲೇ ನಾನು ಒಲೆ ಹೊತ್ತಿಸಿದೆ. ಅಕ್ಕಿರೊಟ್ಟಿ, ಅವರೆಕಾಳಿನ ಸಾರು, ಸೌತೆಕಾಯಿಯ ಕೋಸಂಬರಿ. ಮೂರು ಬಟ್ಟಲಿನ ಊಟದ ಕ್ಯಾರಿಯರಿಗೆ ತುಂಬಿ ಸೈಕಲ್ಲಿನ ಹಿಂದೆ ಬಿಗಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಯಾಕೆ, ಎಲ್ಲಿಗೆ ಎಂದು ಕೇಳಲಿಲ್ಲ. "ತುಪ್ಪ ಹಾಕ್ಕೊಂಡ್ಯಾ?" ಅಂದರು. ಮರೆತಿದ್ದೆ. ತಾವೇ ಒಳಗೆ ಹೋಗಿ ತುಪ್ಪದ ಗಿಂಡಿ ತಂದು ಕೈಗಿಟ್ಟರು.

ಆ ನಾಲ್ಕು ಮೈಲಿಯನ್ನು ನಾನು ಹೇಗೆ ತುಳಿದೆ ಎಂದು ಈಗ ವರ್ಣಿಸಲಾರೆ. ಬಯಲಿನಲ್ಲಿ ಕಲಿತವಳಿಗೆ ರಸ್ತೆಯ ಮೇಲೆ ಬಸ್ಸು ಎದುರಾದಾಗ ಹ್ಯಾಂಡಲ್ಲು ಯಾವ ಕಡೆಗೆಂಬುದೇ ಮರೆತುಹೋಗಿ ಒಮ್ಮೆ ಬೇಲಿಗೆ ನುಗ್ಗಿದೆ. ಗದ್ದೆಯಲ್ಲಿ ಕುಯ್ಲಿನವರು ಕುಡುಗೋಲು ಬಿಟ್ಟು ಎದ್ದುನಿಂತರು. ಹಗರೆಯ ಕಡೆಯಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಒಬ್ಬ ಹಿರಿಯ ತನ್ನ ಸೈಕಲ್ಲಿನಿಂದ ಇಳಿದೇಬಿಟ್ಟ. ಅವನ ಕಡೆಗೆ ನನ್ನ ಎರಡೂ ಅಂಗಾಲು ಚಾಚಿಕೊಂಡಿದ್ದವು. ನಾಚಿಕೆಯಿಂದ ಕಣ್ಣು ಕೆಳಗಾದರೂ ಕಾಲು ನಿಲ್ಲಿಸಲಿಲ್ಲ. "ಉಸಾರು ಕಣವ್ವಾ, ಮುಂದೆ ಹಳ್ಳ ಐತೆ," ಅಂದ ಆತ, ಅಷ್ಟೆ. ನಮಸ್ಕಾರ ಅನ್ನುವುದಕ್ಕೂ ನನಗೆ ಉಸಿರಿರಲಿಲ್ಲ. ಗಾಡಿದಾರಿಯಲ್ಲಿ ಎರಡು ಕಡೆ ಇಳಿದು ತಳ್ಳಿದೆ, ಮತ್ತೆ ಕೂತೆ. ತೊಡೆಗಳು ಬೆಂಕಿಯಾಗಿದ್ದವು. ಸೂರ್ಯ ನನ್ನ ಜೊತೆಯಲ್ಲೇ ಇಳಿಯುತ್ತಿದ್ದ. ಅವನನ್ನು ನೋಡಬಾರದು ಎಂದು ನಿಶ್ಚಯಿಸಿ ನೋಡುತ್ತಲೇ ಹೋದೆ.

ಶಾಲೆಯ ಅಂಗಳಕ್ಕೆ ನುಗ್ಗಿದಾಗ ಏಳನೇ ತರಗತಿ ಆಗತಾನೇ ಬಿಟ್ಟಿತ್ತು. "ಮೇಷ್ಟ್ರಮ್ಮ ಮಲ್ಕೊಂಡ್ ಬಂದವ್ರೆ!" ಎಂದು ಹುಡುಗಿಯೊಬ್ಬಳು ಕಿರುಚಿದಳು. ನಿಲ್ಲಿಸಲು ಹೋಗಿ ಬಾವುಟದ ಕಂಬದ ಕಟ್ಟೆಗೆ ಒರಗಿಕೊಂಡೆ. ಮಕ್ಕಳು ಸುತ್ತ ಕವಿದರು. ಒಬ್ಬರೂ ನಗಲಿಲ್ಲವೆಂದರೆ ಸುಳ್ಳಾದೀತು, ಎಲ್ಲರೂ ನಕ್ಕರು, ನಕ್ಕು ಮುಗಿಸಿ, "ನಾವೂ ಒಂದ್ ಸಲ ಕೂತ್ಕೋಬೋದಾ?" ಎಂದು ಸಾಲು ನಿಂತರು. ಇವರು ಬಾಗಿಲಲ್ಲಿ ಸೀಮೆಸುಣ್ಣದ ಕೈ ಹಾಗೇ ಎತ್ತಿಕೊಂಡು ನಿಂತಿದ್ದರು.

ಮಕ್ಕಳನ್ನು ಮನೆಗೆ ಕಳಿಸಿ, ಕೈಕಾಲು ತೊಳೆದು, ಜಗಲಿಯ ಮೇಲೆ ಕೂತರು. ನಾನು ಕ್ಯಾರಿಯರಿನ ಮುಚ್ಚಳವನ್ನೇ ತಟ್ಟೆ ಮಾಡಿ ಬಡಿಸಿದೆ. ಸೂರ್ಯ ತೆಂಗಿನ ತಲೆಯ ಮಟ್ಟಕ್ಕಿದ್ದ. ರೊಟ್ಟಿ ಮುರಿದು ಬಾಯಿಗಿಡುವ ಮೊದಲು ಇವರು ನನ್ನ ಮುಖ ನೋಡಿದರು.

"ನೀನು ಅಮ್ಮನ ಜೊತೆ ಉಂಡೇ ಬಂದೆ ತಾನೆ?"

ಸುಳ್ಳು ಹೇಳಲೂ ಒಂದಿಷ್ಟು ಶಕ್ತಿ ಬೇಕು. ನಾಲ್ಕು ಮೈಲಿ ತುಳಿದ ನನ್ನಲ್ಲಿ ಅದು ಉಳಿದಿರಲಿಲ್ಲ. "ಇಲ್ಲ. ನೀವು ಉಣ್ಣಿ, ನಂದು ಆಮೇಲೆ," ಅಂದೆ.

"ಆಮೇಲೆ ಅಂದ್ರೆ ಹೊತ್ತು ಎಲ್ಲಿರುತ್ತೆ?" ಅಂದವರು ಅಲ್ಲೇ ತಡೆದರು. ತಮ್ಮ ಪ್ರಶ್ನೆಯ ಉತ್ತರವನ್ನು ತಾವೇ ಹೋಗಿ ಮುಟ್ಟಿದ ಹಾಗೆ. "ದಿನಾ ನಾನು ಮನೆ ಸೇರೋದು ಕತ್ತಲಾದ ಮೇಲೆ. ನೀನು ಉಣ್ಣೋದು ನಾನು ಉಂಡ ಮೇಲೆ. ಹಾಗಾದ್ರೆ ಎಷ್ಟು ದಿನದಿಂದ, ಪದ್ಮಾ?"

"ನೀವು ನಡೆಯೋಕೆ ಶುರು ಮಾಡಿದಾಗಿಂದ."

ಇವರು ಕ್ಯಾರಿಯರಿನ ಇನ್ನೊಂದು ಬಟ್ಟಲನ್ನು ಎಳೆದು, ರೊಟ್ಟಿಯನ್ನು ಸರಿಯಾಗಿ ಎರಡು ಭಾಗ ಮಾಡಿ, ತುಪ್ಪವನ್ನು ನನ್ನ ಕಡೆಗೇ ಹೆಚ್ಚು ಸುರಿದು ಬಟ್ಟಲನ್ನು ನನ್ನ ಮುಂದೆ ತಳ್ಳಿದರು. ಮದುವೆಯ ದಿನ ಒಂದೇ ಎಲೆಯಲ್ಲಿ ಉಂಡದ್ದು ಬಿಟ್ಟರೆ ನಾವು ಪಕ್ಕಪಕ್ಕ ಕೂತು ಉಂಡದ್ದು ಅದೇ ಮೊದಲು. ಸೂರ್ಯನ ಮೇಲೆ ಒಂದು ಕಣ್ಣಿಟ್ಟು, ಪರೀಕ್ಷೆಯ ಕೊನೆಯ ಐದು ನಿಮಿಷದಲ್ಲಿ ಬರೆಯುವ ಮಕ್ಕಳ ಹಾಗೆ ಇಬ್ಬರೂ ಉಂಡೆವು. ತೆಂಗಿನ ಗರಿಯ ಹಿಂದೆ ಅವನು ಕೆಂಪಾದಾಗ ಬಟ್ಟಲು ಖಾಲಿಯಾಗಿತ್ತು.

ಕೈತೊಳೆದು ಬಂದು ಇವರು ಸೈಕಲ್ಲಿನ ಮುಂದೆ ನಿಂತರು. ನನ್ನ ವಾದಗಳೆಲ್ಲ ಆಗಲೇ ಮುಗಿದಿದ್ದವು. ಹೊಸದೊಂದನ್ನು ಹುಡುಕುವುದಕ್ಕೆ ನಾನೂ ಹೋಗಲಿಲ್ಲ. ಹಸಿವನ್ನು ಇವರು ತಮ್ಮ ಮಾನಕ್ಕೆ ತಾವೇ ತೆರುವ ಸುಂಕವೆಂದುಕೊಂಡಿದ್ದರು. ಅದರಲ್ಲಿ ಅರ್ಧ ಬೇರೆ ಯಾರೋ ತೆರುತ್ತಿದ್ದಾರೆಂದು ತಿಳಿದ ಮೇಲೆ ಆ ಮಾನದ ತೂಕವನ್ನು ಇವರು ಹೇಗೆ ತೂಗಿದರೋ ನನಗೆ ತಿಳಿಯದು. ಬಹಳ ಹೊತ್ತು ಬೇಕಾಗಲಿಲ್ಲ ಎಂಬುದು ಮಾತ್ರ ಗೊತ್ತು.

"ಬ್ರೇಕ್ ಎಲ್ಲಿದೆ ತೋರ್ಸು," ಅಂದರು.

ಒಂದು ದಿಂಬು ತೆಗೆದೆ. ಇನ್ನೊಂದು ಇವರಿಗೆ ಸರಿಹೋಯಿತು. ಒರಗಿದರೆ ಜೇಬಿನಲ್ಲಿದ್ದದ್ದು ಬೀಳುತ್ತದೆಂದು ಕನ್ನಡಕದ ಪೆಟ್ಟಿಗೆ, ಎರಡು ತುಂಡು ಸೀಮೆಸುಣ್ಣ, ನಾಲ್ಕು ಮಡಿಕೆಯ ಆ ಕಾಗದ ಎಲ್ಲವನ್ನೂ ತೆಗೆದು ನನ್ನ ಕೈಗಿಟ್ಟರು. "ಸೀಮೆಸುಣ್ಣ ಜೋಪಾನ. ಆ ಕಾಗದ ಒಲೆಗೆ ಹಾಕು." ಪಂಚೆ ಎತ್ತಿಕಟ್ಟಿ, ನನ್ನ ಭುಜ ಹಿಡಿದು, ನವಾರಿನ ಮೇಲೆ ಮೆಲ್ಲಗೆ ಇಳಿದು ಬೆನ್ನು ಒರಗಿಸಿದರು. ಎಷ್ಟೋ ತಿಂಗಳ ಮೇಲೆ ಆ ಮುಖದ ಬಿಗಿ ಸಡಿಲವಾದದ್ದನ್ನು ಕಂಡೆ. ನಾನು ಹಿಂದಿನಿಂದ ಹಿಡಿದು ತಳ್ಳಿದೆ; ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ ಓಡಿದೆ; ಒಮ್ಮೆ ಹೊರಳಿದರು, ಎಬ್ಬಿಸಿದೆ; ಮತ್ತೆ ಹಿಡಿದು ಓಡಿದೆ. ಗಾಡಿದಾರಿಯ ಇಳಿಜಾರಿನಲ್ಲಿ ಸೈಕಲ್ಲು ನನ್ನ ಕೈ ತಪ್ಪಿಸಿಕೊಂಡು ಹೊರಟೇಹೋಯಿತು.

ನಾನು ಹೊಟ್ಟೆತುಂಬ ಉಂಡವಳು ನಿಧಾನವಾಗಿ ನಡೆದೆ. ಪಡುವಣದಲ್ಲಿ ಕೆಂಪು ಇನ್ನೂ ಇತ್ತು. ಗಾಡಿದಾರಿ ಟಾರು ರಸ್ತೆಯನ್ನು ಸೇರುವಲ್ಲಿ ಒಂದು ಅಗಲವಾದ ತಿರುವಿದೆ. ಅಲ್ಲಿಗೆ ಬಂದು ನೋಡಿದರೆ ಇವರು ಆ ತಿರುವಿನಲ್ಲಿ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದಾರೆ! ಬಸ್ಸಿಗೆ ಕಾದು ನಿಂತಿದ್ದ ನಾಲ್ಕಾರು ಜನರ ಕಡೆಗೆ ಅಂಗಾಲು ತೋರಿಸುತ್ತ, ತೋರಿಸಿದಾಗಲೆಲ್ಲ "ಕ್ಷಮಿಸಿ, ಕ್ಷಮಿಸಿ" ಅನ್ನುತ್ತ, ಸುತ್ತಿನ ಮೇಲೆ ಸುತ್ತು. ನನ್ನನ್ನು ಕಂಡದ್ದೇ ಕೂಗಿದರು:

"ಒಬ್ಬನೇ ಇಳಿಯೋಕೆ ಬರ್ತಿಲ್ಲ ಕಣೇ! ನಿನ್ನ ಬಿಟ್ಟು ಹೋಗೋಕೂ ಮನಸ್ಸಿಲ್ಲ!"

ರಸ್ತೆ ಊರಿನ ಕಡೆಗೆ ನೆಟ್ಟಗೆ, ನುಣ್ಣಗೆ, ಖಾಲಿಯಾಗಿ ಚಾಚಿಕೊಂಡಿತ್ತು. ನಾನು ಎರಡೂ ಕೈ ಬಾಯಿಯ ಇಕ್ಕೆಲಕ್ಕೆ ಹಿಡಿದು, ಬಸ್ಸಿಗೆ ಕಾದವರಿಗೆಲ್ಲ ಕೇಳುವಂತೆ ಕೂಗಿದೆ:

"ಇಳೀಬೇಡಿ! ಹೋಗ್ತಾ ಇರಿ, ಮನೇಲಿ ಅತ್ತೆ ಹಿಡ್ಕೊಂಡು ಇಳಿಸ್ತಾರೆ. ನಾನು ನಡ್ಕೊಂಡ್ ಬರ್ತೀನಿ!"